ಸೆಕೆ, ಫ್ಯಾನು ಮತ್ತು ಶ್ರುತಿ

ಉಡುಪಿ, ಮಂಗಳೂರಿನ ಕಡೆ ಕರ್ನಾಟಕ ಸಂಗೀತದ ಕಛೇರಿ ಕೇಳಿ ಬಂದವರನ್ನು "ಹೇಗಾಯ್ತು ಮಾರಾಯ್ರೇ?" ಎಂದು ಕೇಳಿ ನೋಡಿ. ಮೊದಲು "ಭಾರೀ ಲಾಯ್ಕಾಯ್ತು" ಎನ್ನುತ್ತಾರೆ. ಆಮೇಲೆ "ಆದರೆ ಎಂಥಾ ಸೆಕೆ!" ರಾಗ, ಕೃತಿ, ಪಿಟೀಲಿನ ಸುದ್ದಿಯೆಲ್ಲ ಅದರ ನಂತರ. ಹೀಗೆ ಸೆಕೆಯನ್ನು ಮುಂದೆ ಮಾಡಿದ್ದಕ್ಕೆ ನಗುವವರಿದ್ದಾರೆ. ನಗಬೇಕಾದ್ದೇನೂ ಇಲ್ಲ, ಕರಾವಳಿಯಲ್ಲಿ ಸೆಕೆಯೂ ಒಂದು ಪಕ್ಕವಾದ್ಯವೇ.

ಮೃದಂಗದ ಒಡಲು ಹಲಸಿನ ಮರ, ಎರಡು ಕಡೆ ಚರ್ಮ. ಗಾಳಿಯಲ್ಲಿ ಪಸೆ ಹೆಚ್ಚಾದರೆ ಚರ್ಮ ಅದನ್ನು ಹೀರಿ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಎ.ಸಿ. ಸಭಾಂಗಣದಲ್ಲಿ ಪಸೆ ಆರಿ ಬಿಗಿಯುತ್ತದೆ, ಶ್ರುತಿ ಏರುತ್ತದೆ. ಹಾಗಾಗಿ ಗ್ರೀನ್ ರೂಮಿನಲ್ಲಿ ಚೆನ್ನಾಗಿ ಕೂಡಿಸಿ ತಂದ ಮೃದಂಗಕ್ಕೂ ವೇದಿಕೆಯಲ್ಲಿ ಪುನಃ ಕಲ್ಲು ಹಿಡಿಯಲೇಬೇಕು. ಬಲಭಾಗದ ಚರ್ಮದ ಅಂಚಿನ ಹೆಣಿಗೆಯ ಮೇಲೆ ಮರದ ತುಂಡಿಟ್ಟು ಚರ್ಮದ ಕಡೆಯಿಂದ ಹೊಡೆದರೆ ಶ್ರುತಿ ಏರುತ್ತದೆ, ಹಿಂದಿನಿಂದ ಹೊಡೆದರೆ ಇಳಿಯುತ್ತದೆ. ಒಂದು ಕಡೆ ಸರಿಯಾದರೆ ಸಾಲದು. ಸುತ್ತಲೂ ಒಂದೇ ನಾದ ಬರಬೇಕು, ಇಲ್ಲದಿದ್ದರೆ ಷಡ್ಜ, ಅಂದರೆ ಆಧಾರದ "ಸ" ಸ್ವರ, ಒಡೆದು ಎರಡಾಗಿ ಕೇಳುತ್ತದೆ. "ಶುರುವಾಗಿ ಹತ್ತು ನಿಮಿಷ ಬರೀ ಟಕ್ ಟಕ್" ಎಂದು ದೂರುವವರಿಗೆ ಹೇಳುವುದಿಷ್ಟೇ: ಆ ಹತ್ತು ನಿಮಿಷ ಕೊಡದಿದ್ದರೆ ಉಳಿದ ಎರಡು ಗಂಟೆ ಕಿವಿಗೆ ಕಿರಿಕಿರಿ. ನಟ್-ಬೋಲ್ಟಿನ ಮೃದಂಗವೂ ಈಗ ಇದೆ, ಸ್ಪ್ಯಾನರ್ ತಿರುಗಿಸಿದರೆ ಆಯಿತು. ಆದರೂ ಚರ್ಮ ಚರ್ಮವೇ. ಘಟದವರಿಗೆ ಈ ಭಾಗ್ಯವೂ ಇಲ್ಲ. ಸುಟ್ಟ ಮಣ್ಣನ್ನು ಬಿಗಿಯುವುದು ಹೇಗೆ? ಬೇರೆ ಬೇರೆ ಶ್ರುತಿಯ ಘಟಗಳನ್ನೇ ಹೊತ್ತು ತರಬೇಕು.

ಮೃದಂಗದ ಎಡಭಾಗಕ್ಕೆ ಮೆತ್ತುವುದು ಅಡುಗೆಮನೆಯ ರವೆಯೇ, ನಯವಾದದ್ದು. ನೀರು ಹಾಕಿ ನಾದಿ ಮಧ್ಯದಲ್ಲಿ ದುಂಡಗೆ ಅಂಟಿಸುತ್ತಾರೆ. ಕಡಿಮೆಯಾದರೆ ಗುಮ್ಮೆಂಬ ನಾದ ಹುಟ್ಟುವುದಿಲ್ಲ, ಹೆಚ್ಚಾದರೆ ನಾದ ಮೊಂಡು. ಇದಕ್ಕೆ ಫ್ಯಾನೇ ವೈರಿ: ಗಾಳಿ ನೇರ ಬಡಿದರೆ ರವೆ ಒಣಗಿ ಅಂಚಿನಿಂದ ಏಳುತ್ತದೆ. ಎರಡು ಕೃತಿಗಳ ನಡುವೆ ಕಲಾವಿದರು ನೀರಿಗೆ ಬೆರಳು ಅದ್ದಿ ಸವರುವುದು ಅದಕ್ಕೇ.

ಫ್ಯಾನಿನ ವಿಷಯದಲ್ಲಿ ಸಂಘಟಕರ ಪಾಡು ಹೇಳಿ ಸುಖವಿಲ್ಲ. ಸಭಿಕರಿಗೆ ಅದು ಐದರಲ್ಲೇ ತಿರುಗಬೇಕು, ಮೈಕಿಗೆ ಮಾತ್ರ ಅದರ ಗಾಳಿ ತಾಗಬಾರದು, ತಾಗಿದರೆ ಬುಸ್ ಎನ್ನುತ್ತದೆ. ವೇದಿಕೆಯ ಮೇಲಿನ ಫ್ಯಾನ್ ನಿಲ್ಲಿಸಿ, ಪೆಡೆಸ್ಟಲ್ ಫ್ಯಾನನ್ನು ಹಿಂದೆ ದೂರದಲ್ಲಿ, ಮೈಕಿಗೂ ರವೆಗೂ ನೇರ ಬೀಸದ ಹಾಗೆ ಓರೆಯಾಗಿಟ್ಟರೆ ಇಬ್ಬರೂ ಬದುಕುತ್ತಾರೆ.

ನಮ್ಮೂರಿನ ಇನ್ನೊಂದು ವಿಶೇಷ ಸ್ಯಾಕ್ಸೊಫೋನ್. ಮದುವೆಗೂ ಭೂತದ ಕೋಲಕ್ಕೂ ಅದನ್ನು ಕೇಳಿ ಬೆಳೆದ ಕಿವಿಗಳಿವು. ಅದರಲ್ಲಿ ಕರ್ನಾಟಕ ಸಂಗೀತದ ಗಮಕವನ್ನು, ಅಂದರೆ ಸ್ವರದ ತೂಗಾಟವನ್ನು, ಹೊರಡಿಸಿ ಜಗತ್ತಿಗೇ ಕೇಳಿಸಿದವರು ಕದ್ರಿ ಗೋಪಾಲನಾಥರು (1949–2019). ಈ ವಾದ್ಯಕ್ಕೆ ಮೃದಂಗದ್ದಕ್ಕೆ ತದ್ವಿರುದ್ಧ ಸ್ವಭಾವ. ಊದುತ್ತಾ ಹೋದಂತೆ ಒಳಗಿನ ಗಾಳಿ ಬಿಸಿಯಾಗಿ ಶ್ರುತಿ ಮೇಲೇರುತ್ತದೆ. ಅತ್ತ ಜಿಟಿಜಿಟಿ ಸಂಜೆಯಲ್ಲಿ ಚರ್ಮ ಕೆಳಗಿಳಿಯುತ್ತಿರುತ್ತದೆ. ನಡುವೆ ಎಲೆಕ್ಟ್ರಾನಿಕ್ ತಂಬೂರಿ ಮಾತ್ರ ಕದಲದೆ ಕುಳಿತಿರುತ್ತದೆ. ಊದುವವರು ವಾದ್ಯದ ಬಾಯಿತುದಿಯನ್ನು ಅದು ಕೂರುವ ಬೆಂಡಿನ (ಕಾರ್ಕಿನ) ಮೇಲೆ ಕೂದಲೆಳೆಯಷ್ಟು ಹೊರಗೆಳೆದು ನಳಿಗೆ ಉದ್ದ ಮಾಡಿ ಶ್ರುತಿ ಇಳಿಸುತ್ತಾರೆ, ಬಡಿಯುವವರು ಕಲ್ಲೆತ್ತುತ್ತಾರೆ. ನೋಡಿದವರಿಗೆ ಇಬ್ಬರೂ ಸುಮ್ಮನೆ ವಾದ್ಯ ತಡವಿದ ಹಾಗೆ ಕಾಣುತ್ತದೆ.

ಹಾಡುವವರು ಆಲಾಪನೆಯ ನಡುವೆ ತೋರುಬೆರಳನ್ನು ಮೇಲಕ್ಕೆ ಕುಣಿಸುವುದನ್ನು ಗಮನಿಸಿ. ಮೊದಲ ಸಾಲಿನವರು ಅದು ತಾರಸ್ಥಾಯಿಯ ಭಾವವೆಂದು ತಲೆದೂಗುತ್ತಾರೆ. ಅದು ಮೈಕಿನ ಹುಡುಗನಿಗೆ ಸನ್ನೆ, ಮಾನಿಟರಿನಲ್ಲಿ (ಕಲಾವಿದರ ಕಡೆಗೇ ತಿರುಗಿಸಿಟ್ಟ ಸ್ಪೀಕರಿನಲ್ಲಿ) ತನ್ನ ಧ್ವನಿ ಹೆಚ್ಚಿಸು ಎಂದು. ಪಿಟೀಲಿನವರೂ ಕಮಾನು ಎತ್ತಿ ಅದನ್ನೇ ಕೇಳುತ್ತಾರೆ. ಕೇಳಿದವರಿಗೆಲ್ಲ ಕೊಡುತ್ತಾ ಹೋದರೆ ಮಾನಿಟರಿನ ಸದ್ದು ಪುನಃ ಮೈಕಿಗೇ ಹೊಕ್ಕು ಕೂಯ್ ಎಂದು ಕೂಗುತ್ತದೆ. ಒಬ್ಬರದನ್ನು ಏರಿಸುವ ಮೊದಲು ಇನ್ನೊಬ್ಬರದನ್ನು ಇಳಿಸಬೇಕು. ಒಳ್ಳೆಯ ಮೈಕಿನವನಿಗೆ ಇದು ಗೊತ್ತು. ಅವನಿಗೆ ಶಾಲು ಹೊದೆಸಿದ್ದು ಮಾತ್ರ ಅಪರೂಪ.

ಕೂರುವುದೆಲ್ಲಿ? ಮೊದಲ ಸಾಲು ಅತಿಥಿಗಳಿಗೆ ಸರಿ. ಸ್ಪೀಕರಿನ ಎದುರು ಕೂತವರಿಗೆ ಎಲ್ಲವೂ ಒಂದೇ ಕಡೆಯಿಂದ ಬಂದು ಬಡಿಯುತ್ತದೆ. ಬಾಲ್ಕನಿಯ ಕೆಳಗೆ ಹಿಂದೆ ಕೂತವರಿಗೆ ಸಾಹಿತ್ಯದ ಅಕ್ಷರಗಳು ಕರಗಿ ಗುಂಯ್ ಮಾತ್ರ ಉಳಿಯುತ್ತದೆ. ಎರಡು ಸ್ಪೀಕರುಗಳ ನಡುವೆ ಆರನೆಯದೋ ಏಳನೆಯದೋ ಸಾಲು ಸಿಕ್ಕಿದರೆ ಬಿಡಬೇಡಿ.

ತನಿ ಆವರ್ತನ, ಅಂದರೆ ತಾಳವಾದ್ಯದವರೇ ನುಡಿಸುವ ಭಾಗ, ಶುರುವಾದ ಕೂಡಲೇ ಕಾಫಿಗೆ ಏಳುವವರ ಮೇಲೆ ನನಗೆ ಸಿಟ್ಟಿದೆ, ಕೊನೆಯ ಬಸ್ಸಿಗೆ ಓಡುವವರಿಗೆ ಮಾತ್ರ ಮಾಫಿ. ಲೆಕ್ಕ ಬಾರದಿದ್ದರೂ ಪರವಾಗಿಲ್ಲ. ಆದಿತಾಳವಾದರೆ ಎಂಟು ಎಣಿಕೆ: ಒಂದು ಪೆಟ್ಟು, ಮೂರು ಬೆರಳು, ಮತ್ತೆ ಎರಡು ಸಲ ಪೆಟ್ಟು-ಬೀಸು. ಅದನ್ನು ಬಿಡದೆ ಹಾಕುತ್ತಾ ಕೂತರೆ ಸಾಕು. ಕೊನೆಯ ಕೋರ್ವೆ, ಅಂದರೆ ಲೆಕ್ಕ ಹಾಕಿ ಹೆಣೆದ ಮುಕ್ತಾಯದ ನುಡಿ, ಮೂರು ಸಲ ಬಂದು ಹಾಡು ಎತ್ತಿಕೊಂಡ ಜಾಗಕ್ಕೇ ನೆಟ್ಟಗೆ ಇಳಿದಾಗ ಕೈ ತಾನಾಗಿ ಚಪ್ಪಾಳೆಗೆ ಹೋಗುತ್ತದೆ.

ಆಮೇಲೆ ದೇವರನಾಮಗಳ ಹೊತ್ತು. ಕೃಷ್ಣಮಠದ ರಾಜಾಂಗಣದಂಥ ಕಡೆ ಕೃಷ್ಣನ ಪದ ಬೇಕೆಂದು ಚೀಟಿ ಬರದ ದಿನ ಕಡಿಮೆ. ಚೀಟಿ ಕೊಡುವವರು ತನಿಗೆ ಮೊದಲೇ ಕೊಡಿ, ಆಮೇಲೆ ಉಳಿದ ಸಮಯದ ಲೆಕ್ಕ ಕಲಾವಿದರ ತಲೆಯಲ್ಲಿ ಮುಗಿದಿರುತ್ತದೆ. ಒಂದು ಹಾಡು ಸಾಕು, ಪಟ್ಟಿ ಬೇಡ. ಸಂಜೆ ಒಮ್ಮೆ ವಿಸ್ತಾರವಾಗಿ ಹಾಡಿದ ರಾಗದ್ದನ್ನೇ ಪುನಃ ಕೇಳಬೇಡಿ. ಕೈಯಿಂದ ಕೈಗೆ ದಾಟಿ ವೇದಿಕೆ ತಲುಪಿದ ಚೀಟಿಯನ್ನು ಗಾಯಕರು ಭಕ್ತಿಯಿಂದ ಬಿಡಿಸಿ ನೋಡಿದರೆ, ಒಳಗೆ ಕೆಎ 20 ನಂಬರಿನ ಬಿಳಿ ಕಾರು ಗೇಟಿಗೆ ಅಡ್ಡ ಇದೆ, ತೆಗೆಯಲು ಹೇಳಿ ಎಂದಿರುವುದೂ ಉಂಟು.