ಮನೆ ನಲ್ಲಿಗೆ ಮೀಟರ್: ನಮ್ಮ ಊರುಗಳಿಗೆ ಬೇಕೆ, ಬೇಡವೆ?

ಪರ: ಅಳೆಯದೆ ಸೋರಿಕೆ ಸಿಕ್ಕುವುದಿಲ್ಲ

ಮಳೆಗೆ ಹೆಸರಾದ ಆಗುಂಬೆ ಇರುವ ತಾಲೂಕು ತೀರ್ಥಹಳ್ಳಿ. ಅಲ್ಲೇ ಏಪ್ರಿಲ್ ಬಂತೆಂದರೆ ತುಂಗೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತದೆ. ಅಂಥ ಹೊತ್ತಿನಲ್ಲಿ ಹೊಳೆಯಿಂದ ಎತ್ತಿ, ಆಲಂ ಹಾಕಿ ತಿಳಿಮಾಡಿ, ಕ್ಲೋರಿನ್ ಬೆರೆಸಿ, ಕರೆಂಟು ಸುಟ್ಟು ಟ್ಯಾಂಕಿಗೆ ಏರಿಸಿದ ನೀರು ಎಲ್ಲಿ ಹೋಯಿತು ಎಂದು ಕೇಳಿದರೆ ಮೀಟರ್ ಇಲ್ಲದ ಊರಿನಲ್ಲಿ ಯಾರೂ ಹೇಳಲಾರರು. ಮಲೆನಾಡಿನ ಯಾವ ಸಣ್ಣ ಪಟ್ಟಣಕ್ಕೂ ಇದೇ ಮಾತು.

ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ಓವರ್‌ಹೆಡ್ ಟ್ಯಾಂಕಿನಿಂದ ನೀರು ಹೊರಡುವಲ್ಲಿ ಒಂದು ದೊಡ್ಡ ಮೀಟರ್, ಆ ಟ್ಯಾಂಕಿನ ಕೆಳಗಿನ ಪ್ರತಿ ಮನೆಗೂ ಅರ್ಧ ಇಂಚಿನ ಮೀಟರ್. ಎರಡನ್ನೂ ಒಂದೇ ದಿನ ಓದಬೇಕು. ಹೊರಟದ್ದರಲ್ಲಿ ಮನೆ ಸೇರಿದ್ದನ್ನು ಕಳೆದರೆ ಉಳಿಯುವುದು ಸೋರಿಕೆ, ಇಲ್ಲವೇ ಕಳ್ಳ ಸಂಪರ್ಕ. ವಾಲ್ವಿನಿಂದ ವಾಲ್ವಿಗೆ ಇದೇ ಲೆಕ್ಕ ಹಾಕುತ್ತ ಹೋದರೆ ಯಾವ ಬೀದಿ ಅಗೆಯಬೇಕೆಂದು ತಿಳಿಯುತ್ತದೆ. ಈಗ ಅಗೆಯುವುದು ರಸ್ತೆಯ ಮೇಲೆ ನೀರು ಉಕ್ಕಿದಾಗ. ಮಳೆಗಾಲದಲ್ಲಿ ಅದೂ ಕಾಣುವುದಿಲ್ಲ. ಸೋರಿದ್ದು ಚರಂಡಿ ಸೇರಿಬಿಡುತ್ತದೆ.

ಮನೆಯೊಳಗಿನ ಸೋರಿಕೆ ಹಿಡಿಯುವುದು ಇನ್ನೂ ಸುಲಭ. ಸಂಪು, ಟ್ಯಾಂಕು ತುಂಬಿ ಬಾಲ್‌ವಾಲ್ವ್ ಮುಚ್ಚಿದ ಮೇಲೆ, ನೀರು ಇನ್ನೂ ಬರುತ್ತಿರುವಾಗಲೇ ಎಲ್ಲ ನಲ್ಲಿ ಮುಚ್ಚಿ ಮೀಟರಿನ ಮುಖ ನೋಡಿ. ಅಲ್ಲಿನ ಪುಟ್ಟ ಚಕ್ರ ತಿರುಗುತ್ತಲೇ ಇದ್ದರೆ ಎಲ್ಲೋ ನೀರು ಹೋಗುತ್ತಿದೆ. ನಿಮಿಷಕ್ಕೆ ಅರ್ಧ ಲೀಟರಿನಂತೆ ಹಗಲೂ ರಾತ್ರಿ ಸೋರಿದರೆ 720 ಲೀಟರ್. ಒಳಚರಂಡಿ ಇರುವ ಊರಿಗೆ ತಲಾ 135 ಲೀಟರ್ ಎಂಬ ಲೆಕ್ಕ ಹಿಡಿದರೆ ಅದು ಐವರ ಒಂದು ದಿನದ ನೀರು. ಮೀಟರ್ ಇಲ್ಲದ ಮನೆಯಲ್ಲಿ ಇದು ತಿಂಗಳುಗಟ್ಟಲೆ ನಡೆಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಮೀಟರ್ ಕೆಡುತ್ತದೆ ಎನ್ನುವವರು ಅದನ್ನು ಕೂರಿಸಿದ ರೀತಿ ನೋಡಲಿ. ಬಾಣದ ಗುರುತು ನೀರು ಹರಿಯುವ ಕಡೆಗಿರಬೇಕು, ಮುಖ ಮೇಲಕ್ಕೆ, ಮೈ ಮಟ್ಟಸವಾಗಿ. ಅದಕ್ಕಿಂತ ಮೊದಲು ನೀರು ನಿಲ್ಲಿಸಲು ಒಂದು ಸ್ಟಾಪ್‌ಕಾಕ್, ಒಳಬಾಯಿಯಲ್ಲಿ ಜಾಲರಿ. ಗೇಟಿನ ಬಳಿ ಗುಂಡಿ ತೋಡಿ ಹೂತರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ನೀರಿನಲ್ಲೇ ಮುಳುಗಿರುತ್ತದೆ. ನೆಲದಿಂದ ಒಂದಡಿ ಎತ್ತರಕ್ಕೆ, ಗೋಡೆಗೆ ಪೆಟ್ಟಿಗೆ ಕೂರಿಸಿ ಅದರೊಳಗೆ ಇಡಬೇಕು.

ಮೀಟರ್ ಬಂದರೆ ಬಡವರ ಕೊಡಕ್ಕೂ ಬಿಲ್ ಬರುತ್ತದೆ, ಹೊಳೆಯನ್ನೇ ಮಾರಿಬಿಡುತ್ತಾರೆ ಎಂದೆಲ್ಲ ಹೆದರಿಸುವವರಿದ್ದಾರೆ. ಪೈಪಿನಲ್ಲಿ ಬರುವ ಗಾಳಿಗೂ ಮೀಟರ್ ತಿರುಗಿ ಬಿಲ್ ಬರುತ್ತದೆ ಎನ್ನುವುದು ಪೋಲು ಮಾಡುವವರ ನೆಪ. ಇವತ್ತು ಇಬ್ಬರಿರುವ ಮನೆಯೂ, ಹಿತ್ತಲ ಅಡಿಕೆ ಸಸಿಗೆಲ್ಲ ಕುಡಿಯುವ ನೀರಿನ ಪೈಪು ಬಿಡುವ ಮನೆಯೂ ಒಂದೇ ಶುಲ್ಕ ಕಟ್ಟುತ್ತಿವೆ. ಅನ್ಯಾಯ ಇದು.

ವಿರೋಧ: ಮೊದಲು ಪೈಪು, ಆಮೇಲೆ ಬಿಲ್ಲು

ವಿರೋಧದ ಪಕ್ಷ ವಹಿಸಲು ಕೇಳಿದ್ದಾರೆ. ಟ್ಯಾಂಕಿನ ಬಾಯಿಗೆ ಮೀಟರ್ ಬೇಕೆನ್ನುವುದರಲ್ಲಿ ನನಗೂ ತಕರಾರಿಲ್ಲ. ಮನೆ ಮೀಟರಿನ ಓದು ನೋಡಿ ಬಿಲ್ ಹಾಕುವುದು ಈಗಲೇ ಬೇಡ ಎಂಬುದಷ್ಟೇ ನನ್ನ ವಾದ.

ಗಾಳಿಯ ಮಾತು ನೆಪವಲ್ಲ. ದಿನ ಬಿಟ್ಟು ದಿನ ಒಂದೆರಡು ಗಂಟೆ ನೀರು ಬಿಡುವ ಊರಿನಲ್ಲಿ ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗಿ ಗಾಳಿ ತುಂಬುತ್ತದೆ. ನೀರುಗಂಟಿ ಮತ್ತೆ ವಾಲ್ವ್ ತಿರುಗಿಸಿದಾಗ ನೀರು ಆ ಗಾಳಿಯನ್ನು ತಳ್ಳಿಕೊಂಡು ಬರುತ್ತದೆ. ನಲ್ಲಿ ಬುಸುಗುಡುತ್ತದೆ, ಉಗುಳುತ್ತದೆ. ಮೀಟರಿನ ಒಳಚಕ್ರಕ್ಕೆ ಗಾಳಿ ಯಾವುದು, ನೀರು ಯಾವುದೆಂಬ ಭೇದವಿಲ್ಲ. ಗಾಳಿಗೂ ಗಿರ್ರನೆ ತಿರುಗುತ್ತದೆ. ನಮ್ಮ ಊರುಗಳೋ ಏರುತಗ್ಗಿನವು. ಗಾಳಿ ಹೋಗಿ ಸೇರುವುದು ದಿಬ್ಬದ ಮನೆಗಳಿಗೆ, ನೀರು ಮೊದಲು ಸಿಗುವುದು ತಗ್ಗಿನ ಮನೆಗಳ ಸಂಪಿಗೆ. ಕಡಿಮೆ ನೀರು ಸಿಕ್ಕ ಮನೆಗೇ ಓದು ಹೆಚ್ಚಾಗಿ ಬಂದರೆ ಅದನ್ನು ನ್ಯಾಯ ಎನ್ನುವುದು ಹೇಗೆ?

ಮಳೆಗಾಲದ ಕೆನ್ನೀರಿನ ಜೊತೆ, ಒಡೆದ ಪೈಪಿನಿಂದ ನುಗ್ಗಿದ ಮರಳೂ ಬಂದು ಜಾಲರಿ ಕಟ್ಟಿಕೊಳ್ಳುತ್ತದೆ, ಚಕ್ರ ನಿಲ್ಲುತ್ತದೆ. ಗಾಜಿನೊಳಗೆ ತೇವ ಕೂತು ಅಂಕಿಯೇ ಓದಲಾಗದಿದ್ದರೆ ಸರಾಸರಿ ಬಿಲ್ ಬರೆಯುತ್ತಾರೆ. ಸರಾಸರಿ ಬರೆಯುವುದೇ ಆದರೆ ಮೀಟರ್ ಯಾಕೆ? ಹನಿ ಸೋರಿಕೆಯನ್ನೂ ಅದು ಸರಿಯಾಗಿ ಹಿಡಿಯುವುದಿಲ್ಲ: ಮನೆಗಳಿಗೆ ಸಾಮಾನ್ಯವಾಗಿ ಹಾಕುವ, ನಿಖರತೆಯಲ್ಲಿ ಬಿ ದರ್ಜೆಯ ಅರ್ಧ ಇಂಚಿನ ಮೀಟರಿನಲ್ಲಿ ಗಂಟೆಗೆ 30 ಲೀಟರಿಗಿಂತ ಕಡಿಮೆ ಹರಿದರೆ ಓದು ನಿಖರವಾಗಿರುತ್ತದೆಂಬ ಖಾತ್ರಿ ಇಲ್ಲ.

ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ದಿನದ 24 ಗಂಟೆಯೂ ನೀರು ಬಂತು. ಅಲ್ಲಿ ಪೈಪಿನ ಜಾಲವನ್ನೇ ಹೊಸದಾಗಿ ಹಾಕಿದ್ದರು. ಪೈಪು ಸದಾ ತುಂಬಿದ್ದರೆ ಗಾಳಿಗೆ ಎಡೆಯಿಲ್ಲ, ಮೀಟರಿನ ಓದನ್ನೂ ನಂಬಬಹುದು.

ಇಲ್ಲಿ ಅಷ್ಟು ಹಣ ಬರುವವರೆಗೆ ದಿಬ್ಬದ ಮೇಲಿನ ಪೈಪುಗಳಿಗೆ ಗಾಳಿ ಹೊರಬಿಡುವ ಏರ್ ವಾಲ್ವ್ ಹಾಕಲಿ, ತಗ್ಗಿಗೂ ದಿಬ್ಬಕ್ಕೂ ಬೇರೆ ಬೇರೆ ಹೊತ್ತಿಗೆ ನೀರು ಬಿಡಲಿ. ಮೀಟರ್ ಹಾಕಿದರೂ ಒಂದು ಮಳೆಗಾಲ, ಒಂದು ಬೇಸಿಗೆ ಬರೀ ಓದು ಬರೆದಿಟ್ಟುಕೊಳ್ಳಲಿ. ಅನುಮಾನ ಬಂದ ಮನೆಯಲ್ಲಿ 20 ಲೀಟರಿನ ಬಕೆಟನ್ನು ಐದು ಸಲ ತುಂಬಿ, ಮೀಟರಿನಲ್ಲಿ 100 ಲೀಟರ್ ಏರಿತೇ ಎಂದು ಮನೆಯವರ ಎದುರಿಗೇ ನೋಡಲಿ.