ಯಾವ ಜಿಲ್ಲೆ ಡಿಸಿ ಸಾರ್?

ಮೆಟ್ರೋದಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದೆ. "ಹಳೇ ಡಿಸಿನ ಈ ಶನಿವಾರ ರಾತ್ರಿ ಇಳಿಸಿಬಿಡೋಣ. ಇರೋ ಐದೂ ಖಾತೆ ಹೊಸ ಡಿಸಿಗೆ ಹೋಗಲಿ. ಸುಮ್ನೆ ಬಿಟ್ಟುಕೊಡಲಿಲ್ಲ ಅಂದ್ರೆ ಕಿತ್ಕೊಳ್ಳೋಣ." ಫೋನ್ ಜೇಬಿಗೆ ಇಳಿಸುವಷ್ಟರಲ್ಲಿ, ಎದುರು ಸೀಟಿನ ಪಂಚೆಯ ಹಿರಿಯರು ದನಿ ತಗ್ಗಿಸಿ ಕೇಳಿದರು. "ಯಾವ ಜಿಲ್ಲೆ ಸಾರ್?"

ಜಿಲ್ಲೆಯ ಡಿಸಿ ಅಲ್ಲ ಯಜಮಾನರೇ, ಡೊಮೈನ್ ಕಂಟ್ರೋಲರ್ ಅಂತ ಒಂದು ಕಂಪ್ಯೂಟರು ಎಂದೆ. ಅವರ ಮುಖ ಸಪ್ಪಗಾಯಿತು. "ಒಂದು ಕಂಪ್ಯೂಟರ್ ಆಫ್ ಮಾಡೋಕೆ ಇಷ್ಟೊಂದು ಸಂಚಾ?"

ಅವರಿಗೇನು ಗೊತ್ತು. ಜಿಲ್ಲಾಧಿಕಾರಿಗಳ ವರ್ಗಾವಣೆ ರಾತ್ರೋರಾತ್ರಿ ಮುಗಿದುಹೋಗುತ್ತದೆ. ನಮ್ಮ ಡಿಸಿಯ ಫೈಲು ವರ್ಷಗಟ್ಟಲೆಯಿಂದ ಮೇಜಿನಿಂದ ಮೇಜಿಗೆ ಓಡಾಡುತ್ತಿದೆ.

ಈ ಡಿಸಿ ಇರುವುದು ನಾನು ಕೆಲಸ ಮಾಡುವ ಪೀಣ್ಯದ ಒಂದು ಕಂಪನಿಯಲ್ಲಿ. ಬೆಳಗ್ಗೆ ನೀವು ಹೆಸರು, ಪಾಸ್‌ವರ್ಡ್ ಹೊಡೆದಾಗ "ಹೌದು, ಇವರು ನಮ್ಮವರೇ, ಒಳಗೆ ಬಿಡಿ" ಎನ್ನುವವನು ಇವನು. ಯಾರಿಗೆ ಯಾವ ಫೋಲ್ಡರು, ಯಾರಿಗೆ ಯಾವ ಪ್ರಿಂಟರು, ಎಲ್ಲದರ ಲೆಕ್ಕ ಇವನ ಹೊಟ್ಟೆಯಲ್ಲಿದೆ. ಮೈಕ್ರೋಸಾಫ್ಟ್‌ನವರು 2000ದಲ್ಲಿ ತಂದ ಈ ಏರ್ಪಾಟಿಗೆ ಆಕ್ಟಿವ್ ಡೈರೆಕ್ಟರಿ ಎಂದು ಹೆಸರು. ಮಾಮೂಲಿ ಸರ್ವರನ್ನು ಡಿಸಿ ಮಾಡುವುದಕ್ಕೆ ಪ್ರಮೋಷನ್ ಅಂತಲೇ ಕರೆಯುತ್ತಾರೆ. ನಮ್ಮ ಆಫೀಸಿನಲ್ಲಿ ನಾನು ಕಣ್ಣಾರೆ ಕಂಡ ಪ್ರಮೋಷನ್ ಅದೊಂದೇ.

ಇದನ್ನು ಮೊದಲು ಕೂರಿಸಿದ ಹುಡುಗನಿಗೆ ಮಹಾಭಾರತದ ಹುಚ್ಚು. ಸರ್ವರುಗಳಿಗೆಲ್ಲ ಅಲ್ಲಿಂದಲೇ ಹೆಸರಿಟ್ಟ. ಬ್ಯಾಕಪ್ ಸರ್ವರಿಗೆ ಕರ್ಣ ಎಂದಿಟ್ಟಿದ್ದ. ಬೇಕಾದ ಹೊತ್ತಿಗೆ ಅದು ಕಲಿತದ್ದೆಲ್ಲ ಮರೆತು ಕೂತಿತು. ಡಿಸಿಗೆ ಭೀಷ್ಮ ಎಂದಿಟ್ಟ. ಇಚ್ಛಾಮರಣದ ವರವೂ ಜೊತೆಗೇ ಬಂತು.

ಭೀಷ್ಮನ ಮೈಯಲ್ಲಿರುವುದು ವಿಂಡೋಸ್ ಸರ್ವರ್ 2008 ಆರ್2. ಅದಕ್ಕೆ ಮೈಕ್ರೋಸಾಫ್ಟ್‌ನವರೇ ಕೊನೆಯ ದಿನ ಗೊತ್ತುಮಾಡಿದ್ದರು, 2020ರ ಜನವರಿ 14. ಸಂಕ್ರಾಂತಿ ಆಸುಪಾಸು, ಉತ್ತರಾಯಣದ ಹೊಸಿಲು. ಶರಶಯ್ಯೆ ಮೇಲಿರುವವನಿಗೆ ಇದಕ್ಕಿಂತ ಒಳ್ಳೇ ಮುಹೂರ್ತ ಬೇಕಾ? ಬೇಕಿತ್ತಂತೆ. "ಇಯರ್ ಎಂಡಿಂಗ್ ಮುಗೀಲಿ ಇರ್ರೀ" ಎಂದರು ನಮ್ಮ ಮ್ಯಾನೇಜರು. ಅದು ಮುಗಿಯುವ ಮೊದಲೇ ಲಾಕ್‌ಡೌನ್ ಬಂತು. ಆಮೇಲೆ ಆಡಿಟ್. ಆಮೇಲೆ ಆಷಾಢ. ಆಷಾಢದಲ್ಲಿ ಯಾರಾದ್ರೂ ಹೊಸದು ಶುರು ಮಾಡ್ತಾರೇನ್ರೀ? ಆಮೇಲೆ ಪಿತೃಪಕ್ಷ. ದುಡ್ಡು ಕಟ್ಟಿದವರಿಗೆ ಇನ್ನೂ ಮೂರು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡ್ತೀವಿ ಎಂದರು ಮೈಕ್ರೋಸಾಫ್ಟ್‌ನವರು. ನಾವು ದುಡ್ಡು ಕಟ್ಟಲಿಲ್ಲ. ವರ್ಷಗಳನ್ನು ಮಾತ್ರ ತಗೊಂಡೆವು.

ಸರ್ವರ್ ರೂಮು ಅಂದರೆ ಮೆಟ್ಟಿಲ ಕೆಳಗಿನ ಜಾಗ. ಎಸಿ ಕೆಟ್ಟು ಟೇಬಲ್ ಫ್ಯಾನ್ ಬಂದಿದೆ. ಭೀಷ್ಮನ ಹಣೆಗೆ ಒಂದು ಎ4 ಹಾಳೆ, ಮೇಲೆ ಹಳದಿ ತಿರುಗಿದ ಸೆಲ್ಲೋಟೇಪು: "ದಯವಿಟ್ಟು ಆಫ್ ಮಾಡಬೇಡಿ." ಬರೆದವರು ಯಾರೋ, ಯಾವಾಗಲೋ ಕೆಲಸ ಬಿಟ್ಟಿದ್ದಾರೆ. ಆಫ್ ಮಾಡಿದರೆ ಏನಾಗುತ್ತದೆ ಎಂದು ಅವರೂ ಬರೆದಿಲ್ಲ, ನಾವೂ ಕೇಳಿಲ್ಲ. ಹಾಳೆಯ ಮೇಲೆ ಆಯುಧಪೂಜೆಗೊಂದರಂತೆ ಕುಂಕುಮದ ಪದರ. ಕಡಿದ ಮರದ ಉಂಗುರ ಎಣಿಸಿದ ಹಾಗೆ ಎಣಿಸಿದರೆ ವಯಸ್ಸು ಹೇಳಬಹುದು. ಕಳೆದ ಸಲ ಹಾರದಿಂದ ಸೇವಂತಿಗೆ ಎಸಳು ಒಳಗಿನ ಫ್ಯಾನಿಗೆ ಸಿಕ್ಕಿ ಗರಗರ ಸದ್ದು ಬಂತು. ಅಕೌಂಟ್ಸ್ ಮೇಡಂ ಕೈಮುಗಿದು "ಅಪ್ಪಣೆ ಆಯ್ತು" ಎಂದರು.

ಇನ್ನು ಭೀಷ್ಮನ ಲೆಕ್ಕದ ಪುಸ್ತಕ. ನಮ್ಮಲ್ಲಿ ಮನುಷ್ಯ ಕೆಲಸ ಬಿಟ್ಟರೆ ಹತ್ತು ನಿಮಿಷದಲ್ಲಿ ಐಡಿ ಕಾರ್ಡು, ಚಾರ್ಜರು, ಮೌಸು ಎಲ್ಲ ಎಣಿಸಿ ವಾಪಸ್ ತಗೊಳ್ಳುತ್ತಾರೆ. ಒಬ್ಬರ ಹತ್ತಿರ ಸ್ಟೇಪ್ಲರ್ ಸಿಗದೆ ಗೇಟಿನಲ್ಲಿ ನಿಲ್ಲಿಸಿದ್ದರು. ಆದರೆ ಅವರ ಹೆಸರು ಪಟ್ಟಿಯಲ್ಲಿ ಹಾಗೇ ಇದೆ, ಪಾಸ್‌ವರ್ಡೂ ನಡೆಯುತ್ತದೆ. ಕೂತು ಎಣಿಸಿದೆ. ಕೆಲಸ ಮಾಡುವವರಿಗಿಂತ ಬಿಟ್ಟು ಹೋದವರೇ ಜಾಸ್ತಿ ಇದ್ದಾರೆ. ಜೊತೆಗೆ ಟೆಸ್ಟ್, ಟೆಸ್ಟ್1, ಟೆಸ್ಟ್ ನ್ಯೂ ಎಂಬ ಮೂವರು ಅಣ್ಣತಮ್ಮಂದಿರು. ಟೆಸ್ಟ್1 ಅವರಿಗೆ ಇಡೀ ಕಂಪನಿಯ ಯಾವ ಬಾಗಿಲು ಬೇಕಾದರೂ ತೆರೆಯುವ ಅಧಿಕಾರ ಇದೆ, ಪಾಸ್‌ವರ್ಡ್ ಎಂದೂ ಬದಲಿಸಬೇಕಾಗಿಲ್ಲ. ನಮ್ಮ ಎಂಡಿಗೂ ಅಷ್ಟು ಅಧಿಕಾರ ಇಲ್ಲ. ಅಳಿಸಲಾ ಎಂದು ಮ್ಯಾನೇಜರನ್ನು ಕೇಳಿದೆ. "ಬೇಡ, ಯಾರೋ ದೊಡ್ಡವರು ಇರಬೇಕು" ಎಂದರು.

ಹಳೇ ಸರ್ವರ್ ಯಾಕೆ ಬೇಕು ಎನ್ನುವುದಕ್ಕೆ ಮ್ಯಾನೇಜರ ಹತ್ತಿರ ಒಂದು ಪುರಾಣವೇ ಇದೆ. ಅದು ನಿಜವಾದ ಕಥೆ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಮಾಲ್‌ವೇರ್ ಡೆನ್ಮಾರ್ಕಿನ ಹಡಗು ಕಂಪನಿ ಮರ್ಸ್ಕ್‌ನ ನೆಟ್‌ವರ್ಕಿಗೆ ನುಗ್ಗಿತು. ಜಗತ್ತಿನ ಬೇರೆ ಬೇರೆ ಕಡೆ ಇದ್ದ ಸುಮಾರು 150 ಡಿಸಿಗಳು ಅಳಿಸಿಹೋದವು. ಒಂದಕ್ಕೊಂದು ನಕಲು ಮಾಡಿಕೊಂಡಿರುತ್ತವಲ್ಲ, ಒಂದು ಹೋದರೆ ಇನ್ನೊಂದಿದೆ ಎಂಬ ಧೈರ್ಯದಲ್ಲಿದ್ದರು. ಎಲ್ಲವೂ ಒಟ್ಟಿಗೇ ಹೋದವು. ಕೊನೆಗೆ ಘಾನಾದ ಆಫೀಸಿನಲ್ಲಿ ಒಂದೇ ಒಂದು ಉಳಿದದ್ದು ಗೊತ್ತಾಯಿತು. ಅಲ್ಲಿಂದ ರಿಪೇರಿ ನಡೆಯುತ್ತಿದ್ದ ಬ್ರಿಟನ್ ಆಫೀಸಿಗೆ ಇಂಟರ್‌ನೆಟ್‌ನಲ್ಲಿ ಕಳಿಸಲು ದಿನಗಟ್ಟಲೆ ಬೇಕು. ಕೈಯಲ್ಲಿ ತರೋಣ ಅಂದರೆ ಅಲ್ಲಿದ್ದ ಯಾರಿಗೂ ಬ್ರಿಟನ್ ವೀಸಾ ಇಲ್ಲ. ಒಬ್ಬರು ಹಾರ್ಡ್ ಡಿಸ್ಕ್ ಹಿಡಿದು ನೈಜೀರಿಯಾಕ್ಕೆ ಹಾರಿ, ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗಿಟ್ಟು, ಅವರು ಲಂಡನ್ ವಿಮಾನ ಹತ್ತಿ ಮುಟ್ಟಿಸಿದರು.

"ನೋಡಿದ್ರಾ? ಮೂಲೇಲಿ ಬಿದ್ದಿದ್ದ ಒಂದು ಡಿಸಿ ಕಂಪನಿ ಉಳಿಸ್ತು. ಅದಕ್ಕೇ ನಮ್ಮ ಭೀಷ್ಮ ಇರ್ಲಿ" ಎನ್ನುತ್ತಾರೆ ಮ್ಯಾನೇಜರು.

ಆದರೆ ಘಾನಾದ ಡಿಸಿ ಉಳಿದದ್ದು ಯಾಕೆ? ಕರೆಂಟ್ ಹೋಗಿತ್ತು. ದಾಳಿಯ ಹೊತ್ತಿಗೆ ಅದು ಆಫ್ ಆಗಿತ್ತು, ಅದಕ್ಕೇ ಬದುಕಿತು. ನಮ್ಮ ಭೀಷ್ಮನಿಗೆ ಎರಡು ಯುಪಿಎಸ್, ಒಂದು ಜನರೇಟರ್, ಮೇಲೊಂದು ಚೀಟಿ. ಬೆಸ್ಕಾಂನವರು ಮನಸ್ಸು ಮಾಡಿದರೂ ಅವನನ್ನು ಕಾಪಾಡಲು ಆಗುವುದಿಲ್ಲ. ಇದನ್ನು ಮೀಟಿಂಗಿನಲ್ಲಿ ಹೇಳಿದೆ. ಜನರೇಟರಿಗೆ ಡೀಸೆಲ್ ತುಂಬಿಸಿದ್ದೀರಾ ಎಂದು ಕೇಳಿದರು.

ಅಂತೂ ಆ ಶನಿವಾರ ಬಂತು. ಮಂತ್ರಿಗಳಿಗೆ ಖಾತೆ ಇದ್ದ ಹಾಗೆ, ಇಡೀ ಡೈರೆಕ್ಟರಿಗೆ ಒಬ್ಬರೇ ನೋಡಿಕೊಳ್ಳಬೇಕಾದ ಐದು ವಿಶೇಷ ಖಾತೆಗಳಿರುತ್ತವೆ. ಒಪ್ಪಿ ಕೊಟ್ಟರೆ ಹಸ್ತಾಂತರ, ಕೊಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ವಶ. ವಶ ಮಾಡಿಕೊಂಡ ಮೇಲೆ ಹಳಬರನ್ನು ಮತ್ತೆ ನೆಟ್‌ವರ್ಕಿಗೆ ಬಿಡಬಾರದು. ಬಿಟ್ಟರೆ ತಡೆಯಾಜ್ಞೆ ತಂದು ಹಳೇ ಸಾಹೇಬರು ಬಂದ ಹಾಗೆ, ಒಂದೇ ಕುರ್ಚಿಗೆ ಇಬ್ಬರು. ಭೀಷ್ಮ ಪಾಪ ಐದನ್ನೂ ಕೈಯಾರೆ ಕೊಟ್ಟ. ಐದು ನಿಮಿಷದ ಕೆಲಸ. ಪೂರ್ತಿ ಡಿಮೋಷನ್ ಮಾಡುವ ಮೊದಲು ಕೆಲವು ದಿನ ಆಫ್ ಮಾಡಿ, ಯಾರು ಕಿರುಚುತ್ತಾರೆ ನೋಡುವುದು ನಮ್ಮ ಕಸುಬಿನ ಪದ್ಧತಿ. ಸ್ಕ್ರೀಮ್ ಟೆಸ್ಟ್ ಎನ್ನುತ್ತೇವೆ. ಬಟನ್ ಒತ್ತಿ ಹಿಡಿದೆ. ಟೇಬಲ್ ಫ್ಯಾನಿನ ಸದ್ದು ಅಷ್ಟು ಜೋರು ಎಂದು ಆವತ್ತೇ ಗೊತ್ತಾಗಿದ್ದು.

ಸೋಮವಾರ ಒಂಬತ್ತು ಗಂಟೆಗೆ ಕಿರುಚಾಟ ಶುರುವಾಯಿತು. ಎಲ್ಲರೂ ಲಾಗಿನ್ ಆಗಿದ್ದರು. ಪ್ರಿಂಟರ್ ಓಡುತ್ತಿತ್ತು. ಕಿರುಚುತ್ತಿದ್ದದ್ದು ಹಾಜರಿ ಮಿಷನ್ ಎದುರು. ಅರ್ಧ ಆಫೀಸಿಗೆ ಲೇಟ್ ಬಿದ್ದಿತ್ತು.

ಆಗಿದ್ದು ಇಷ್ಟೇ. ಆ ಐದು ಖಾತೆಗಳಲ್ಲಿ ಒಂದರ ಕೈಯಲ್ಲಿ ಗಡಿಯಾರವೂ ಇರುತ್ತದೆ. ಡಿಸಿಯ ಸಮಯಕ್ಕೂ ನಿಮ್ಮ ಕಂಪ್ಯೂಟರಿನ ಸಮಯಕ್ಕೂ ಐದು ನಿಮಿಷಕ್ಕಿಂತ ಜಾಸ್ತಿ ಅಂತರ ಬಂದರೆ ಲಾಗಿನ್ನಿಗೆ ತಕರಾರು ಶುರುವಾಗುತ್ತದೆ. ಭೀಷ್ಮನ ಗಡಿಯಾರ ಏಳು ನಿಮಿಷ ಹಿಂದೆ ಬಿದ್ದು ವರ್ಷಗಳಾಗಿದ್ದವು. ಆದರೂ ತಕರಾರು ಬರಲಿಲ್ಲ. ಯಾಕೆಂದರೆ ಎಲ್ಲ ಕಂಪ್ಯೂಟರುಗಳೂ ಅವನನ್ನೇ ನೋಡಿ ಸಮಯ ತಿರುಗಿಸಿಕೊಳ್ಳುತ್ತಿದ್ದವು, ಹಾಜರಿ ಮಿಷನ್ನೂ ಸೇರಿ. ಎಲ್ಲರೂ ಒಟ್ಟಿಗೆ ತಪ್ಪು, ಹಾಗಾಗಿ ಎಲ್ಲರೂ ಸರಿ. 9.07ಕ್ಕೆ ಬಂದವರು ಒಂಬತ್ತಕ್ಕೆ ಸರಿಯಾಗಿ ಬಂದವರು. ಜನ ಮನೆ ಬಿಡುವ ಹೊತ್ತು, ಬಸ್ಸು, ತಿಂಡಿ, ಎರಡನೇ ಕಾಫಿ ಎಲ್ಲ ಆ ಏಳು ನಿಮಿಷದ ಮೇಲೆ ನಿಂತಿತ್ತು. ಹೊಸ ಡಿಸಿ ನಿಜವಾದ ಸಮಯ ತೋರಿಸಿತು.

"ಹೊಸ ಸರ್ವರ್ ಟೈಮ್ ತಪ್ಪು ತೋರಿಸ್ತಿದೆ" ಎಂದು ನಲವತ್ತು ಜನ ಸಹಿ ಹಾಕಿದರು. ಮ್ಯಾನೇಜರ ಸಹಿ ಮೊದಲನೆಯದು. ಹತ್ತೂವರೆಗೆ ಆದೇಶ ಬಂತು. ಭೀಷ್ಮನನ್ನು ಎಬ್ಬಿಸಿ, ಗಡಿಯಾರದ ಖಾತೆ ವಾಪಸ್ ಕೊಟ್ಟೆ. ಮಿಕ್ಕ ನಾಲ್ಕು ಹೊಸ ಡಿಸಿ ಹತ್ತಿರ ಇವೆ, ಸಮ್ಮಿಶ್ರ ಸರ್ಕಾರ. ಮುಂದಿನ ಸಂಕ್ರಾಂತಿವರೆಗೆ ಎಕ್ಸ್‌ಟೆನ್ಷನ್.

ಮಧ್ಯಾಹ್ನ ಮೆಟ್ಟಿಲ ಕೆಳಗೆ ಹೋಗಿ ನೋಡಿದೆ. ಯಾರೋ ಹಳೇ ಹಾಳೆ ಕಿತ್ತು ಹೊಸ ಚೀಟಿ ಅಂಟಿಸಿದ್ದರು. ಈ ಸಲ ಲ್ಯಾಮಿನೇಷನ್ ಮಾಡಿಸಿದ್ದಾರೆ.