ಸಕ್ಕರೆ ಬಿಡಿ ಅಂದ್ರೆ ಸ್ವೀಟ್ನರ್ ಹಿಡೀರಿ ಅಂತಲ್ಲ

ಗರ್ಭಿಣಿಯರು ಸಕ್ಕರೆ ಬದಲು ಸ್ವೀಟ್ನರ್ (ಸಕ್ಕರೆಯಲ್ಲದ, ಸಿಹಿ ಕೊಡುವ ವಸ್ತು) ಬಳಸಿದರೆ ಮಗುವಿನ ಮುಂದಿನ ಆರೋಗ್ಯಕ್ಕೂ ಒಳ್ಳೆಯದು ಎಂದು ಲೇಖನದಲ್ಲಿ ಬರೆದಿದ್ದೀರಿ. ಸಕ್ಕರೆ ಕಡಿಮೆ ಮಾಡಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಉಳಿದ ಮಾತನ್ನು ಅಷ್ಟು ಸಲೀಸಾಗಿ ಹೇಳಬಾರದಿತ್ತು.

2016ರಲ್ಲಿ ಕೆನಡಾದ 3,000ಕ್ಕೂ ಹೆಚ್ಚು ತಾಯಿ-ಮಕ್ಕಳ ಅಧ್ಯಯನ ಪ್ರಕಟವಾಯಿತು. ಗರ್ಭಿಣಿಯಾಗಿದ್ದಾಗ ದಿನವೂ ಸ್ವೀಟ್ನರ್ ಹಾಕಿದ ಪಾನೀಯ ಕುಡಿದ ತಾಯಂದಿರ ಮಕ್ಕಳಲ್ಲಿ ಒಂದು ವರ್ಷಕ್ಕೇ ಅತಿತೂಕದ ಸಾಧ್ಯತೆ ಸುಮಾರು ಎರಡು ಪಟ್ಟು ಇತ್ತು. ಇದರಿಂದ ಸ್ವೀಟ್ನರೇ ಕಾರಣ ಅಂತ ಸಾಬೀತಾಗುವುದಿಲ್ಲ, ನಿಜ. ತೂಕ ಜಾಸ್ತಿ ಇರುವವರೇ ಡಯಟ್ ಕೋಲಾದಂಥ ಸ್ವೀಟ್ನರ್ ಪಾನೀಯ ಹಿಡಿಯುತ್ತಾರೆ ಅಲ್ವಾ? ಆದರೆ ತಾಯಿಯ ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ನಂಟು ಉಳಿದಿತ್ತು.

ಇನ್ನೂ ಮುಖ್ಯವಾದದ್ದು ಡೆನ್ಮಾರ್ಕಿನ ಅಧ್ಯಯನ. ಗರ್ಭಿಣಿಯಾಗಿದ್ದಾಗ ಶುಗರ್ ಬಂದ ತಾಯಂದಿರ ಮಕ್ಕಳನ್ನು 7 ವರ್ಷದವರೆಗೆ ನೋಡಿದರು. ಸಕ್ಕರೆ ಪಾನೀಯದ ಜಾಗಕ್ಕೆ ಸ್ವೀಟ್ನರ್ ಪಾನೀಯ ಬಂದರೆ ಮಕ್ಕಳ ಅತಿತೂಕದ ಅಪಾಯ ಕಡಿಮೆಯಾಗಲಿಲ್ಲ. ಸ್ವೀಟ್ನರ್ ಪಾನೀಯದ ಜಾಗಕ್ಕೆ ನೀರು ಬಂದರೆ ಕಡಿಮೆಯಾಯಿತು.

ನನ್ನ ತಂಗಿಗೆ ಬಸುರಿನಲ್ಲಿ ಶುಗರ್ ಬಂದಾಗ ನೆಂಟರೆಲ್ಲ ಪ್ರೀತಿಯಿಂದ ಶುಗರ್ ಫ್ರೀ ಬಿಸ್ಕತ್ತು ತಂದರು. ಪೊಟ್ಟಣ ತಿರುಗಿಸಿದರೆ ಮೊದಲ ಹೆಸರೇ ಮೈದಾ, ಕೊನೆಯಲ್ಲಿ ಸಣ್ಣಕ್ಷರದಲ್ಲಿ 955. ಅದು ಸುಕ್ರಲೋಸ್ ಅನ್ನುವ ಸ್ವೀಟ್ನರಿನ ಸಂಖ್ಯೆ. 951 ಅಂದರೆ ಆಸ್ಪರ್ಟೇಮ್, ಇನ್ನೊಂದು ಸ್ವೀಟ್ನರ್. ಮೈದಾ ಶುಗರ್ ಏರಿಸದೇ ಬಿಡುತ್ತದಾ?

ಅಪರೂಪಕ್ಕೆ ಒಂದು ಲೋಟ ಸ್ವೀಟ್ನರ್ ಪಾನೀಯ ಕುಡಿದವರು ಸುಮ್ನೆ ಹೆದರಬೇಕಿಲ್ಲ. ದಿನಾ ಕುಡಿಯುವವರು ಡಾಕ್ಟರ ಹತ್ತಿರ ಮಾತಾಡಿ, ನೀರು, ಸಕ್ಕರೆ ಹಾಕದ ಮಜ್ಜಿಗೆ ಕಡೆ ತಿರುಗಲಿ. ದಯವಿಟ್ಟು ಲೇಖನದಲ್ಲಿ ಇದನ್ನೂ ಸೇರಿಸಿ.